ತರುವ ಕೈ, ಬೇಯಿಸುವ ಕೈ

ಎರಡು ಕಡೆಗಳಲ್ಲಿ ನೀರುಳ್ಳದ್ದು ಯಾವುದೋ ಅದು ದ್ವೀಪವೆಂದು ಶಾಬ್ದಿಕರು ವ್ಯುತ್ಪತ್ತಿಯನ್ನು ಹೇಳುವರು. ಹೀಗಿರಲು, ಕಡಲನ್ನೇ ಕಾಣದ ಬೀದರ ಜಿಲ್ಲೆಯಲ್ಲಿ ದ್ವೀಪವನ್ನು ಹುಡುಕುವುದು ಹಾಸ್ಯಾಸ್ಪದವೆಂದು ತೋರಬಹುದು. ಆದರೆ ನೀರಿನಂತೆ ದೂರವೂ ಒಂದು ಮನೆಯನ್ನು ಸುತ್ತುವರಿಯಬಲ್ಲುದು. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೊಲಗಳ ಮಧ್ಯದಲ್ಲಿರುವ ಹಳ್ಳಿಯ ಮನೆಗೆ ಜೋಳ, ತೊಗರಿ, ಕಡಲೆಗಳು ಹೊಲದಿಂದ ಬರುವುವು. ಉಳಿದುದೆಲ್ಲವೂ ದಾರಿಯಿಂದಲೇ ಬರಬೇಕು. ಉಪ್ಪು, ಬೆಲ್ಲ, ಎಣ್ಣೆಗಳಿಗೆ ತಾಲೂಕಿನ ಪೇಟೆ. ಮದುವೆಯ ಜವಳಿಗೆ ಕಲಬುರಗಿ. ಅದಕ್ಕೂ ಮಿಗಿಲಾದುದಕ್ಕೆ ಹೆದ್ದಾರಿಯನ್ನು ಹಿಡಿದು ಹೈದರಾಬಾದು.

ಅಂತಹ ಮನೆಯ ಒಂದು ದಿನವನ್ನು ವಿಚಾರಿಸಿ ನೋಡಬೇಕು. ಯಜಮಾನನು ಬೆಳಗಾಗುತ್ತಲೆ ಚೀಲಗಳನ್ನು ಮಡಿಚಿಕೊಂಡು ಗಾಡಿಯನ್ನು ಹತ್ತುವನು. ಅಂಗಡಿಯಿಂದ ಅಂಗಡಿಗೆ ತಿರುಗಿ, ಚೌಕಾಸಿ ಮಾಡಿ, ದೀಪ ಹಚ್ಚುವ ಹೊತ್ತಿಗೆ ಮರಳಿದಾಗ ಓಣಿಯೆಲ್ಲ ನೋಡುವಂತೆ ಚೀಲಗಳು ಇಳಿಯುವುವು. ದಣಿದು ಬಂದವನೆಂದು ಅವನಿಗೆ ನೀರು ಬರುವುದು, ಚಹವೂ ಬರುವುದು. ಅದನ್ನು ತಂದುಕೊಟ್ಟವಳು ನಸುಕಿನಲ್ಲಿಯೇ ಎದ್ದವಳು. ಪುನಃ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಳು. ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿಗಳೊಡನೆ ಎಲ್ಲರೂ ಉಂಡೆದ್ದ ಮೇಲೆ, ಉಳಿದುದು ಅವಳ ಪಾಲು. ಚೀಲಗಳನ್ನು ಬಿಚ್ಚುತ್ತ ಅವಳು, "ಇಷ್ಟ್ಯಾಕ ತಂದ್ರಿ?" ಎಂದು ಕೇಳಿದರೆ ಯಜಮಾನನ ಮುಖವು ಸಣ್ಣದಾಗುವುದು. ಇಷ್ಟು ದೂರ ಹೋಗಿ ಬಂದುದಕ್ಕೆ ಇದೇ ಫಲವೇ ಎಂದು ಅವನ ಭಾವ.

ಹಾಗೆ ಕೇಳುವ ಅಧಿಕಾರವು ಅವಳಿಗುಂಟೇ ಎಂಬುದೇ ಇಲ್ಲಿಯ ಪ್ರಶ್ನೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಪೂರ್ವಿಕರು ವಿಭಾಗಿಸಿರುವರು. ಪೇಟೆಯ ಪ್ರಯಾಣವು ಯೋಗ, ಅಡುಗೆಯ ಮನೆಯ ಕೆಲಸವು ಕ್ಷೇಮ. ಪಡೆಯದೆ ಕಾಪಾಡುವುದೆಲ್ಲಿಯದು? ಆದುದರಿಂದ ತಂದವನೇ ಪ್ರಧಾನನು. ಹಣವೂ ಅವನದು, ಬಿಸಿಲೂ ಅವನದು ಎಂಬುದು ಪೂರ್ವಪಕ್ಷ.

ಇದಕ್ಕೆ ಸಮಾಧಾನವನ್ನು ಯಜ್ಞಶಾಸ್ತ್ರದಿಂದಲೇ ಹೇಳಬಹುದು. ಯಜ್ಞಶಾಲೆಗೆ ತಂದಿಟ್ಟ ಬತ್ತವು ತಂದ ಮಾತ್ರಕ್ಕೆ ಹವಿಸ್ಸಾಗುವುದಿಲ್ಲ. ಕುಟ್ಟಬೇಕು, ಕೇರಬೇಕು, ಬೇಯಿಸಬೇಕು. ಈ ಸಂಸ್ಕಾರಗಳಿಂದಲೇ ಅದು ದೇವತೆಗೆ ಅರ್ಹವಾಗುವುದು. ಹಾಗೆಯೇ ಚೀಲದಲ್ಲಿ ಬಂದುದು ಪದಾರ್ಥ. ಎಲೆಯ ಮೇಲೆ ಬಂದುದು ಅನ್ನ. ಇವೆರಡರ ನಡುವೆ ಇರುವ ಶ್ರಮಕ್ಕೆ ರಶೀದಿಯಿಲ್ಲವೆಂದ ಮಾತ್ರಕ್ಕೆ ಅದು ಶ್ರಮವಲ್ಲದೆ ಹೋಗುವುದಿಲ್ಲ.

ಈ ವಿಚಾರಕ್ಕೆ ಕಲ್ಯಾಣ ಪಟ್ಟಣವೇ ಎರಡು ದೃಷ್ಟಾಂತಗಳನ್ನು ಕೊಟ್ಟಿದೆ. 1126ರಿಂದ 1138ರವರೆಗೆ ಇಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಭಕ್ಷ್ಯಗಳ ಪಾಕಕ್ರಮವನ್ನು ವಿವರಿಸಿರುವನು. ಗ್ರಂಥವು ಅಮೂಲ್ಯವಾದುದು, ಆದರೆ ಭೋಗವೆಂಬ ಹೆಸರು ಉಣ್ಣುವವನ ಕಡೆಯಿಂದ ಹುಟ್ಟಿದುದು. ಅದೇ ಶತಮಾನದಲ್ಲಿ, ಅದೇ ಪಟ್ಟಣದಲ್ಲಿ, ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡಿದ್ದನು. ಅದನ್ನು ಬೇಯಿಸಿ ದಾಸೋಹ ನಡೆಯಿಸುತ್ತಿದ್ದವಳು ಅವನ ಪತ್ನಿ ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳೆಂಬುದು ಶರಣರ ಕಥೆಗಳಲ್ಲಿ ಪ್ರಸಿದ್ಧವಾಗಿದೆ. ಮಾರಯ್ಯನು ಕೋಪಿಸಿಕೊಳ್ಳಲಿಲ್ಲ, ಅವಳ ಮಾತನ್ನು ಮನ್ನಿಸಿದನು. ಇಂದಿನ ಗೃಹಿಣಿಯ "ಇಷ್ಟ್ಯಾಕ ತಂದ್ರಿ" ಎಂಬ ಪ್ರಶ್ನೆಯು ಲಕ್ಕಮ್ಮನ ಪ್ರಶ್ನೆಯೇ ಅಲ್ಲವೇ? ಎಷ್ಟು ಬಾಯಿಗಳಿಗೆ ಎಷ್ಟು ಹಿಟ್ಟು ಬೇಕೆಂಬುದನ್ನು ದಿನವೂ ಅಳೆಯುವ ಕೈಗಲ್ಲದೆ ಸಾಕೆನ್ನುವ ಅಧಿಕಾರವು ಮತ್ತಾರಿಗೆ ಸಲ್ಲಬೇಕು?

ಈ ಅಧಿಕಾರದ ಅಗತ್ಯವು ಹಿಂದಿಗಿಂತ ಈಗ ಹೆಚ್ಚಾಗಿದೆ. ಅದೇಕೆಂಬುದನ್ನು ನಿಜವಾದ ದ್ವೀಪವೊಂದರ ಕಡೆಗೆ ನೋಡಿದರೆ ತಿಳಿಯುವುದು. ಸಾಗರ ತಾಲೂಕಿನ ತುಮರಿ ಮೊದಲಾದ ಹಳ್ಳಿಗಳು, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಬಳಿಕ, ಶರಾವತಿಯ ಹಿನ್ನೀರಿನಿಂದ ಪೇಟೆಗೆ ದೂರವಾದುವು. ಲಾಂಚನ್ನು ಕಾಯಬೇಕು, ಇಲ್ಲವೆ ಬಹುದೂರ ಬಳಸಿ ಹೋಗಬೇಕು. ಹೀಗಾಗಿ ಬೇಕಾದುದೆಷ್ಟೆಂದು ಎಣಿಸದೆ ಯಾರೂ ಮನೆಯನ್ನು ಬಿಡುವಂತಿರಲಿಲ್ಲ. ಆ ಕಷ್ಟವನ್ನು ಹೊಗಳುವುದು ಸಲ್ಲದು. ರೋಗಿಗೂ ಬಸುರಿಗೂ ಅದು ಪ್ರಾಣಸಂಕಟವೇ ಸರಿ. 2025ರ ಜುಲೈಯಲ್ಲಿ ಅಲ್ಲಿ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆಯು ತೆರೆಯಿತು. ಇತ್ತ ಬೀದರ–ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರಿನಲ್ಲಿ ಪೂರ್ಣವಾಗಿ, ಹುಮನಾಬಾದಿನ ಮೂಲಕ ಬಂಡಿಯು ಓಡುತ್ತಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಹಿಂದೆ ದೂರವು ಹೊರಗಿನಿಂದ ವಿಧಿಸುತ್ತಿದ್ದ ಮಿತಿಯನ್ನು ಇನ್ನು ಮನೆಯು ಒಳಗಿನಿಂದಲೇ ಕಂಡುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಮಿತಿಯ ಅಧಿಕಾರವನ್ನು ಗೃಹಿಣಿಗೆ ಒಪ್ಪಿಸುವುದೆಂದರೆ ಅವಳನ್ನು ಒಲೆಗೆ ಇನ್ನಷ್ಟು ಬಿಗಿದಂತಲ್ಲವೇ? ಹೌದು, ಕೆಲಸದಲ್ಲಿ ಪಾಲು ಕೊಡದೆ ಅಧಿಕಾರವನ್ನು ಮಾತ್ರ ಕೊಟ್ಟರೆ ಹಾಗೆಯೇ ಆಗುವುದು. ಅವಳನ್ನು ಅನ್ನಪೂರ್ಣೆಯೆಂದು ಸ್ತುತಿಸಿ, ತಣ್ಣಗಾದ ರೊಟ್ಟಿಯನ್ನು ಅವಳಿಗೆ ಉಳಿಸುವುದು ಧರ್ಮವಲ್ಲ. ಚೀಲವನ್ನು ಹೊತ್ತ ಕೈಗೆ ಹಿಟ್ಟು ನಾದುವುದು ಅವಮಾನವೆಂದು ಯಾವ ಶಾಸ್ತ್ರವೂ ಹೇಳುವಂತಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಕಲ್ಯಾಣದ ನೆಲದಲ್ಲಿ ಅಡುಗೆಯೊಂದೇ ಆ ನಿಯಮಕ್ಕೆ ಹೊರಗಾಗುವುದು ಹೇಗೆ?

ಎಳ್ಳಮಾವಾಸ್ಯೆಯ ದಿನ ಈ ಸೀಮೆಯಲ್ಲಿ ದಾರಿಯು ತಿರುವುಮುರುವಾಗುವುದು. ಅಂದು ಪೇಟೆಯಿಂದ ಮನೆಗೆ ಏನೂ ಬರುವುದಿಲ್ಲ. ಮನೆಯಿಂದ ಹೊಲಕ್ಕೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಗಳು ಹೋಗುವುವು. ಭೂಮಿಗೆ ಚರಗ ಚೆಲ್ಲಿದ ಮೇಲೆ ನೆಂಟರಿಗೂ, ನೆರೆಯವರಿಗೂ, ದಾರಿಹೋಕರಿಗೂ ಊಟ. ಆ ದಿನ ಬುತ್ತಿಯ ಬುಟ್ಟಿಯನ್ನು ಯಜಮಾನನೇ ಹೆಮ್ಮೆಯಿಂದ ಹೊರುವನು. ಹಿಂದಿನ ರಾತ್ರಿ ಅವನು ಒಲೆಯ ಬಳಿಯಲ್ಲಿಯೂ ಕುಳಿತಿದ್ದನಾದರೆ ಆ ಹೆಮ್ಮೆಯು ನ್ಯಾಯವಾದುದು. ಹೊಲದಲ್ಲಿ ಎಲ್ಲರಿಗಿಂತ ಮೊದಲು, ಬೇಯಿಸಿದವಳಿಗೆ ಅವನೇ ಬಡಿಸಿದನಾದರೆ, ಆ ಮನೆಯಲ್ಲಿ ತರುವ ಕೈಗೂ ಬೇಯಿಸುವ ಕೈಗೂ ಇದ್ದ ವ್ಯಾಜ್ಯವು ತೀರಿತೆಂದೇ ತಿಳಿಯಬೇಕು.