ನೋಡಿ, ಓದಿ, ಕೇಳಿ

ನಿವೃತ್ತನಾದ ಮೇಲೆ ನನಗೊಂದು ಹೊಸ ಉದ್ಯೋಗ ಅಂಟಿಕೊಂಡಿತು. ಪ್ರತಿ ಭಾನುವಾರ ಬೆಳಗಿನ ಕಾಫಿ ಮುಗಿದೊಡನೆ, ಆ ವಾರ ನಾನು ಮೆಚ್ಚಿದ ಒಂದು ಪುಸ್ತಕ, ಒಂದು ಚಲನಚಿತ್ರ, ಒಂದಿಷ್ಟು ಸಂಗೀತ, ಯಾವುದಾದರೊಂದು ಆಟದ ವಿಡಿಯೋ ಇವುಗಳ ಪಟ್ಟಿ ಮಾಡಿ ಫೋನಿನಲ್ಲಿ ಪರಿಚಿತರಿಗೆಲ್ಲ ಕಳಿಸುವುದು. ಮೊದಲು ಆರೇಳು ಮಂದಿ ಇದ್ದರು, ಈಗ ನಲವತ್ತಮೂರು. ಕಳಿಸಿರೆಂದು ಯಾರೂ ಕೇಳಿರಲಿಲ್ಲ. ಮೇಷ್ಟ್ರ ಚಪಲವೆನ್ನಿ. ವರ್ಷಗಟ್ಟಲೆ ಮಕ್ಕಳಿಗೆ 'ಇದನ್ನು ಓದಿ' ಎಂದು ಹೇಳುತ್ತ ಬಂದ ಬಾಯಿ ಸುಮ್ಮನಿರಲು ಒಪ್ಪುವುದಿಲ್ಲ.

ಇದರಲ್ಲಿ ತಪ್ಪೇನು ಬಂತು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ತಾನುಂಡ ಸವಿಯನ್ನು ನಾಲ್ಕು ಜನಕ್ಕೆ ಹಂಚುವುದು ಸಜ್ಜನಿಕೆಯೇ ಸರಿ. ಆದರೆ ವಾರವೆಂಬುದು ಬಲು ನಿಷ್ಠುರನಾದ ಸಾಲಗಾರ. ಬಾಗಿಲಿಗೆ ಬಂದು ನಿಂತರೆ ಬರಿಗೈಲಿ ಹೋಗುವುದಿಲ್ಲ. ಶುಕ್ರವಾರದ ಹೊತ್ತಿಗೆ ಮೆಚ್ಚುವಂಥದು ಸಿಕ್ಕದಿದ್ದರೆ ಸಿಕ್ಕಿದ್ದನ್ನೇ ಮೆಚ್ಚಬೇಕಾಗುತ್ತದೆ. ಅರವತ್ತು ಪುಟ ಓದಿ ಕೆಳಗಿಟ್ಟ ಕಾದಂಬರಿಯನ್ನು 'ತಪ್ಪದೆ ಓದಿ' ಎಂದು ಬರೆದದ್ದೂ ಉಂಟು. ಸಂಗೀತ ಕೇಳುತ್ತಿರುವಾಗಲೇ ಅದನ್ನು ಹೇಗೆ ಹೊಗಳಲೆಂದು ಮನಸ್ಸು ವಾಕ್ಯ ಕಟ್ಟತೊಡಗುತ್ತದೆ. ಆಲಾಪ ಮುಗಿಯುವಷ್ಟರಲ್ಲಿ ವಾಕ್ಯ ಸಿದ್ಧ, ಆಲಾಪ ಮಾತ್ರ ಕಿವಿಗೆ ಬಿದ್ದಿರುವುದಿಲ್ಲ.

ಅದು ನನ್ನೊಬ್ಬನ ನಷ್ಟ, ಹೋಗಲಿ. ಹೋದ ತಿಂಗಳು ನಡೆದದ್ದು ಬೇರೆ.

ಆ ವಾರದ ಪಟ್ಟಿಯಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಇತ್ತು. 1955ರ ಚಿತ್ರ. ಅದರಲ್ಲಿ ಮೊದಲ ಮಳೆಗೆ ನೆನೆದ ಹುಡುಗಿ ದುರ್ಗಾ ಜ್ವರ ಬಂದು ತೀರಿಕೊಳ್ಳುತ್ತಾಳೆ. ಏನೂ ತಿಳಿಯದ ತಂದೆ ಬಹುದಿನಗಳ ಮೇಲೆ ಊರಿಗೆ ಮರಳಿ, ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಆಕೆ ಕುಸಿದು ಅಳುತ್ತಾಳೆ. ಆ ಅಳು ನಮಗೆ ಕೇಳಿಸುವುದಿಲ್ಲ, ಅದರ ಜಾಗದಲ್ಲಿ ತಾರಶಹನಾಯಿಯ ಸ್ವರವೊಂದು ಏರುತ್ತದೆ. 'ಸೀರೆಯ ದೃಶ್ಯವೊಂದಕ್ಕಾದರೂ ನೋಡಿ. ಕಥೆ ಹೇಳಿ ಕೆಡಿಸಲಾರೆ' ಎಂದು ಬರೆದು, ಬರೆದದ್ದಕ್ಕೆ ನಾನೇ ಮೆಚ್ಚಿಕೊಂಡೆ.

ನಲವತ್ತಮೂರರಲ್ಲಿ ನಮ್ಮ ಹಿಂದಿನ ಬೀದಿಯ ಹಿರಿಯ ಮಹಿಳೆಯೊಬ್ಬರಿದ್ದಾರೆ. ಮೂವತ್ತು ವರ್ಷಗಳ ಕೆಳಗೆ ಅವರ ಮಗಳು, ಹನ್ನೆರಡರ ಹುಡುಗಿ, ಜ್ವರದಲ್ಲಿ ಹೋದಳು. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳು ನನ್ನ ತರಗತಿಯಲ್ಲಿದ್ದವಳು. ಮಂಗಳವಾರ ತರಕಾರಿ ಗಾಡಿಯ ಬಳಿ ಆಕೆ ಸಿಕ್ಕಿ, "ಮೇಷ್ಟ್ರೆ, ನೀವು ಹೇಳಿದ ಸಿನಿಮಾ ನೋಡಿದೆ. ಆ ಸೀರೆ ತಂದುಕೊಡ್ತಾನಲ್ಲ, ಅಲ್ಲಿ ನಿಲ್ಲಿಸಿಬಿಟ್ಟೆ. ಉಳಿದದ್ದನ್ನ ಮಾರನೆ ದಿನ ನೋಡಿದೆ" ಎಂದರು. ಆಕ್ಷೇಪಣೆಯ ದನಿಯಿರಲಿಲ್ಲ. ಬೆಂಡೆಕಾಯಿ ಆರಿಸುತ್ತ ಆಡಿದ ಮಾತು. ನಾನು ತರಕಾರಿ ಕೊಳ್ಳದೆ ಮನೆಗೆ ಬಂದೆ.

ಗೊತ್ತಿದ್ದೂ ಏಕೆ ಹೊಳೆಯಲಿಲ್ಲ? ನಲವತ್ತಮೂರು ಮಂದಿಗೆ ಬರೆಯುವಾಗ ಅವರಲ್ಲಿ ಒಬ್ಬರ ಮುಖವನ್ನೂ ನಾನು ನೆನೆದಿರಲಿಲ್ಲ. ಕಣ್ಣ ಮುಂದಿದ್ದದ್ದು ಒಳ್ಳೆಯದನ್ನು ಗುರುತಿಸಬಲ್ಲ ರಸಿಕನೊಬ್ಬನ ಮುಖ, ಅಂದರೆ ನನ್ನದೇ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಸಾಹಿತ್ಯ ಪರಿಚಾರಕರೆನಿಸಿದ ಜಿ.ಪಿ. ರಾಜರತ್ನಂ ಅವರೂ ಪುಸ್ತಕ ಹಿಡಿದು ಜನರ ಬಳಿಗೆ ನಡೆದರು. ಅವರ ದುಡಿಮೆಗೂ ನನ್ನ ಚಪಲಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಹೊಸ್ತಿಲಲ್ಲಿ ನಿಂತವನಿಗೆ ಒಳಮನೆ ಕಾಣುತ್ತದೆ: ತೊಟ್ಟಿಲು ಕಟ್ಟಿದೆಯೋ, ಸೂತಕವಿದೆಯೋ. ಫೋನಿಗೆ ಹೊಸ್ತಿಲಿಲ್ಲ.

ಒಂದು ಆಟದ ಮಾತು ಹೇಳುತ್ತೇನೆ. 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯೆದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡ ಮೇಲೂ ಕಪಿಲ್ ದೇವ್ ನಿಂತು ಔಟಾಗದೆ 175 ಹೊಡೆದರಲ್ಲ, ಆ ಆಟದ ದೂರದರ್ಶನ ಚಿತ್ರಣ ಉಳಿದಿಲ್ಲ. ಕೊಂಡಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ; ಎದುರಿಗೆ ಕೂರಿಸಿಕೊಂಡು ಬಾಯಲ್ಲೇ ಹೇಳಬೇಕು. ಕೇಳುವವನು ಆಕಳಿಸಿದರೆ ನಿಲ್ಲಿಸಬೇಕು. ನನ್ನ ಪಟ್ಟಿಗೆ ಸೇರದ ಆ ಆಟವನ್ನೇ ನಾನು ಎಲ್ಲಕ್ಕಿಂತ ಪ್ರಾಮಾಣಿಕವಾಗಿ ಹೊಗಳಿದ್ದೇನೇನೋ.

ಹಾಗಾದರೆ ನೊಂದವರಿಗೆ ಹಿತವಾದದ್ದನ್ನೇ ಕೊಡಬೇಕೆ? ಅದೂ ಸರಿಯೆನಿಸುವುದಿಲ್ಲ. ಸಮಯಕ್ಕೆ ನೆನಪಾಗಿದ್ದರೆ ಆ ಚಿತ್ರವನ್ನು ಆಕೆಯಿಂದ ಬಚ್ಚಿಡುತ್ತಿದ್ದೆ. ಬಚ್ಚಿಡಲು ನಾನು ಯಾರು? ಆಕೆ ಮಾರನೆ ದಿನ ಉಳಿದದ್ದನ್ನು ನೋಡಿದರಲ್ಲ! ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ರೆಕಾರ್ಡು ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು 1933ರಲ್ಲಿ ಮನೆ ಬಿಟ್ಟು ಹೊರಟ. ಆಗ ವಯಸ್ಸು ಹನ್ನೊಂದು. ಹಿತಚಿಂತಕರು ಯಾರಾದರೂ ಮೊದಲೇ ಯೋಚಿಸಿದ್ದರೆ 'ಹುಡುಗನಿಗೆ ಇದು ಬೇಡ' ಎಂದು ರೆಕಾರ್ಡನ್ನು ಎತ್ತಿಡುತ್ತಿದ್ದರು.

ಮುಂದಿನ ಭಾನುವಾರ ಪಟ್ಟಿ ಕಳಿಸಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಯಾರೂ ಕೇಳಲಿಲ್ಲ, ಆಕೆಯ ಹೊರತು. "ಆ ಹುಡುಗ ಅಪು ಮುಂದೇನಾದ, ಮೇಷ್ಟ್ರೆ? ಆಮೇಲಿನ ಕಥೆ ಇದೆಯಂತಲ್ಲ?"

ಇದೆ, 1956ರ 'ಅಪರಾಜಿತೋ'. ಮಗ ಓದಲೆಂದು ಕಲ್ಕತ್ತೆಗೆ ಹೋಗುತ್ತಾನೆ. ತಾಯಿ ಹಳ್ಳಿಯಲ್ಲಿ ಅವನ ದಾರಿ ನೋಡುತ್ತ, ಅವನು ಬಂದು ಮುಟ್ಟುವ ಮೊದಲೇ ಸಾಯುತ್ತಾಳೆ. ಈಕೆಯ ಮಗನಿರುವುದು ಅಮೆರಿಕದಲ್ಲಿ. ಈ ಸಲ ಕಥೆಯನ್ನು ಮುಚ್ಚಿಡದೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ಬಂದು ಕೂತರೆ ನೋಡ್ತೀನಿ" ಎಂದರು.

ಈ ಭಾನುವಾರ ಮೂರು ಗಂಟೆಗೆ ಬರಹೇಳಿದ್ದಾರೆ.