ಸರದಿ ಮುರಿಯುವ ನ್ಯಾಯ

ಪಡಿತರ ಅಂಗಡಿಯ ಮುಂದೆ ಸಾಲು ಮುರಿದವನನ್ನು ಎಲ್ಲರೂ ಬಯ್ಯುತ್ತೇವೆ. ಮೊದಲು ಬಂದವರಿಗೆ ಮೊದಲು ಎಂಬುದು ನಮಗೆಲ್ಲ ಗೊತ್ತಿರುವ ಸರಳ ನ್ಯಾಯ. ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ಮಾತ್ರ ಅದನ್ನು ಚಪ್ಪಲಿಯಂತೆ ಬಾಗಿಲಲ್ಲೇ ಬಿಡಬೇಕು.

ಮುರಿದ ಕೈ ಹಿಡಿದು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬಂದು ಒಂದು ಗಂಟೆಯಿಂದ ಕೂತಿರುವ ರೈತನೊಬ್ಬನನ್ನು ಊಹಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 44ರ ಅಪಘಾತದಿಂದ 108 ಆಂಬುಲೆನ್ಸ್ ಈಗಷ್ಟೇ ತಂದ ಅಪರಿಚಿತ ಅವನಿಗಿಂತ ಮೊದಲು ಒಳಗೆ ಹೋಗುತ್ತಾನೆ. ಗಾಯಾಳುವಿನ ಪದವಿಯನ್ನಲ್ಲ, ಗಾಯವನ್ನು ನೋಡಬೇಕೆಂಬ ಈ ಪದ್ಧತಿಯ ಬೇರು ನೆಪೋಲಿಯನ್ ಸೇನೆಯ ವೈದ್ಯ ಲಾರೆಯವರೆಗೆ ಹೋಗುತ್ತದೆ. ಪೊಲೀಸ್ ಕೇಸಿನ ವಿಧಿವಿಧಾನಕ್ಕಿಂತ ಜೀವ ಮೊದಲು ಎಂದು ನಮ್ಮ ಸುಪ್ರೀಂ ಕೋರ್ಟ್ ಕೂಡ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು.

ಹಾಗಾದರೆ ರೈತನಿಗೆ ಅನ್ಯಾಯವಾಯಿತೆ? ಇಲ್ಲ ಎನ್ನುವುದು ಸುಲಭ, ನೋಯುತ್ತಿರುವುದು ನಮ್ಮ ಕೈಯಲ್ಲವಲ್ಲ. ತಾನು ನೋಡಿಯೇ ಇರದ ಒಬ್ಬನ ಜೀವಕ್ಕೆ ಆತ ತನ್ನ ಒಂದು ಗಂಟೆಯನ್ನು ಕೊಟ್ಟಿದ್ದಾನೆ. ಯಾರೂ ಹೇಳದಿದ್ದರೆ ಅದು ಅವನಿಗೆ ತಿಳಿಯುವುದಾದರೂ ಹೇಗೆ? ಶಿಫಾರಸು ಇದ್ದವನು ಒಳಗೆ ಹೋದ ಎಂದೇ ಅಂದುಕೊಳ್ಳುತ್ತಾನೆ. ಬೇರೆ ಕಡೆಯೆಲ್ಲ ಅವನು ಕಂಡಿರುವುದು ಅದನ್ನೇ.

"ಒಳಗೆ ಒಬ್ಬರಿಗೆ ಉಸಿರೇ ಆಡ್ತಿಲ್ಲ ಯಜಮಾನ್ರೇ, ನಿಮ್ಮನ್ನ ಮರ್ತಿಲ್ಲ." ರಾತ್ರಿಪಾಳಿಯ ನರ್ಸ್ ಆಡುವ ಇಂಥ ಒಂದು ಮಾತನ್ನು ನಾವು ಸೌಜನ್ಯ ಎನ್ನುತ್ತೇವೆ. ನನಗೆ ಅದು ನ್ಯಾಯದ್ದೇ ಉಳಿದರ್ಧ. ಆ ಮಾತಿಗೂ ಪುರುಸೊತ್ತಿಲ್ಲದಂತೆ ಪಾಳಿಗೆ ಒಬ್ಬರನ್ನೇ ಹಾಕಿದ್ದರೆ ತಪ್ಪು ಆಕೆಯದಲ್ಲ, ಹಾಗೆ ಹಾಕಿದವರದು.