ಹುಲಿ ಇಲ್ಲದ ಕಡೆ ಕೊಟ್ಟ ಮಾತು

ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮಾಳ ಎಂಬ ಊರಿದೆ. ನಮ್ಮ ಕಾರ್ಕಳದ ಬಳಿಯೂ ಒಂದು ಮಾಳ ಇರುವುದರಿಂದ ಮೊದಲೇ ಹೇಳಿಬಿಡುತ್ತೇನೆ, ಇದು ಅದಲ್ಲ. ಈ ಮಾಳದಲ್ಲಿ ತಲೆಮಾರುಗಳಿಂದ ಯೆಹೂದಿಗಳು ಬಾಳಿದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿ ಸೀಮೆಯ ಯೆಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟರು, ಮಾಳದವರೂ ಹೊರಟರು. ಮನೆ ಮಾರಬಹುದು, ಪಾತ್ರೆಪಗಡ ಹಂಚಬಹುದು. ಆದರೆ ಸಿನಗಾಗ್ ಅನ್ನು, ಅದಕ್ಕಿಂತ ಹೆಚ್ಚಾಗಿ ಸುಮಾರು ನಾಲ್ಕು ಎಕರೆಯ ಸ್ಮಶಾನವನ್ನು ಏನು ಮಾಡುವುದು? 1955ರಲ್ಲಿ ಅವೆರಡನ್ನೂ ಊರಿನ ಪಂಚಾಯಿತಿಗೆ ಒಪ್ಪಿಸಿದರು. ಕಾಪಾಡಿಕೊಂಡು ಬರಬೇಕೆಂದು ಕರಾರು ಮಾಡಿಕೊಂಡು ಹೋದರು.

ಈಗ ಅಲ್ಲಿ ಕಣ್ಣಿಗೆ ಕಾಣುವ ಗೋರಿಗಳು ಮೂರೇ ಮೂರು. ಜಾಗದ ಒಂದು ಭಾಗ ಕ್ರೀಡಾಂಗಣವಾಗಿದೆ. ಇದು ತಪ್ಪು ಎಂದು ವರ್ಷಗಳಿಂದ ಹೇಳುತ್ತಿರುವವರೂ ಅದೇ ಊರಿನವರೇ, ಯೆಹೂದಿಗಳಲ್ಲ.

ನನ್ನನ್ನು ಕಾಡುವುದು ಗೋರಿಗಳು ಹೋದವು ಎಂಬುದಷ್ಟೇ ಅಲ್ಲ. ಅವು ಹೋಗುವುದಕ್ಕೆ ದ್ವೇಷವೇ ಬೇಕಾಗಲಿಲ್ಲ ಎಂಬುದು. ನಮ್ಮ ನೆಲದಲ್ಲಿ ಯೆಹೂದಿಗಳನ್ನು ಯಾರೂ ಅಟ್ಟಲಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪೋರ್ಚುಗೀಸರು ಕೊಟ್ಟ ಕಾಟವನ್ನು ಬದಿಗಿಟ್ಟರೆ ಆ ಮಾತು ಬಹುಮಟ್ಟಿಗೆ ನಿಜವೇ. ಮಾಳದಿಂದ ಹೆಚ್ಚು ದೂರವಿಲ್ಲದ ಚೇಂದಮಂಗಲಂನಲ್ಲಿ ಸಾರಾ ಎಂಬ ಹೆಣ್ಣುಮಗಳ ಹೆಸರಿನ ಹೀಬ್ರೂ ಸಮಾಧಿಕಲ್ಲಿದೆ, ಕಾಲ 1269. ಅಂದರೆ ಆ ಹೊತ್ತಿಗಾಗಲೇ ಇಲ್ಲಿ ತಮ್ಮ ಲಿಪಿಯಲ್ಲಿ ಮಗಳ ಹೆಸರನ್ನು ಕೆತ್ತಿಸಿ ನಿಲ್ಲಿಸುವಷ್ಟು ನಿಶ್ಚಿಂತೆ ಅವರಿಗಿತ್ತು.

ದ್ವೇಷ ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ಗ್ರೀಸಿನ ಥೆಸಲೋನಿಕಿಗೆ ಹೋಗಬೇಕು. ಅಲ್ಲಿನ ಯೆಹೂದಿ ಸ್ಮಶಾನದಲ್ಲಿ ಲಕ್ಷಗಟ್ಟಲೆ ಗೋರಿಗಳಿದ್ದವು. ನಾಜಿ ಆಕ್ರಮಣದ ಕಾಲದಲ್ಲಿ, 1942ರ ಡಿಸೆಂಬರಿನಲ್ಲಿ, ಅದನ್ನು ಕೆಡವಲಾಯಿತು. ಸಮಾಧಿಕಲ್ಲುಗಳು ರಸ್ತೆಗೆ, ಗೋಡೆಗೆ, ಮೆಟ್ಟಿಲಿಗೆ ಹೋದವು. ಮರುವರ್ಷ ಆ ಊರಿನ 40,000ಕ್ಕೂ ಹೆಚ್ಚು ಯೆಹೂದಿಗಳನ್ನು ಆಶ್ವಿಟ್ಜ್‌ಗೆ ಸಾಗಿಸಿದರು. ಮೊದಲು ಸತ್ತವರು, ಆಮೇಲೆ ಬದುಕಿದ್ದವರು. ಸ್ಮಶಾನವಿದ್ದ ಜಾಗದ ಮೇಲೆ ಇಂದು ಇರುವುದು ಅರಿಸ್ಟಾಟಲನ ಹೆಸರಿನ ವಿಶ್ವವಿದ್ಯಾಲಯ. ಅಲ್ಲೊಂದು ಸ್ಮಾರಕ ಎದ್ದದ್ದು 2014ರಲ್ಲಿ.

ಈ ಅರಿಸ್ಟಾಟಲನೇ ತನ್ನ ನೀತಿಶಾಸ್ತ್ರದ ಮೊದಲ ಭಾಗದಲ್ಲಿ ಒಂದು ವಿಚಿತ್ರ ಪ್ರಶ್ನೆ ಎತ್ತುತ್ತಾನೆ: ಸತ್ತವರಿಗೆ ಬದುಕಿರುವವರ ಆಗುಹೋಗುಗಳು ತಟ್ಟುತ್ತವೆಯೇ? ತಟ್ಟಿದರೂ ತೀರ ಸ್ವಲ್ಪ, ಸುಖಿಯನ್ನು ದುಃಖಿಯನ್ನಾಗಿಸುವಷ್ಟಲ್ಲ ಎಂಬಂಥ ಅಳುಕಿನ ಉತ್ತರ ಅವನದು. ಎಪಿಕ್ಯೂರಸನಿಗೆ ಆ ಅಳುಕೂ ಇಲ್ಲ. ಸಾವು ಇರುವಲ್ಲಿ ನಾವಿಲ್ಲ, ಮತ್ತೆ ನೋಯುವವರು ಯಾರು?

ಈ ವಾದವನ್ನು ನಾನು ಹಗುರವಾಗಿ ತಳ್ಳಲಾರೆ. ಕೇರಳದಂಥ ಒತ್ತೊತ್ತಾದ ನಾಡಿನಲ್ಲಿ ನಾಲ್ಕು ಎಕರೆ ಸಣ್ಣ ಮಾತಲ್ಲ. ಮಕ್ಕಳಿಗೆ ಆಡಲು ಬಯಲು ಬೇಕು. ಸುಟ್ಟು ಬೂದಿಯನ್ನು ನೀರಿಗೆ ಬಿಡುವ ಮನೆಗಳಲ್ಲಿ ಬೆಳೆದವರಿಗೆ, ಎಂದೋ ಸತ್ತವರು ಇಷ್ಟು ನೆಲ ಹಿಡಿದಿಟ್ಟುಕೊಳ್ಳುವುದೇ ಅತಿಯೆನಿಸಬಹುದು. ಯೆಹೂದಿಗಳ ನಂಬಿಕೆಯೇ ಬೇರೆ. ಹೂಳಿದ ಜಾಗ ಹೂಳಿಸಿಕೊಂಡವರದು, ಕೊನೆಯವರೆಗೂ. ಸ್ಮಶಾನವನ್ನು ಅವರು 'ಜೀವಂತರ ಮನೆ' ಎಂದೇ ಕರೆಯುತ್ತಾರೆ. ಪ್ರಾಗ್ ನಗರದ ಹಳೆಯ ಸ್ಮಶಾನದಲ್ಲಿ ಜಾಗ ಮುಗಿದಾಗ ಹಳೆಯ ಗೋರಿಗಳನ್ನು ತೆಗೆಯಲಿಲ್ಲ. ಮೇಲೆ ಮಣ್ಣು ತಂದು ಸುರಿದು, ಅದರ ಮೇಲೆ ಹೂಳಿದರು. ಕೆಲವು ಕಡೆ 12 ಪದರಗಳಾದವು. ಹಳೆಯ ಕಲ್ಲುಗಳನ್ನೂ ಮೇಲಕ್ಕೆತ್ತಿ ನಿಲ್ಲಿಸಿದ್ದರಿಂದ ಅಲ್ಲಿ ಕಲ್ಲುಗಳು ಸಂತೆಯ ಜನರ ಹಾಗೆ ಒಂದನ್ನೊಂದು ಒತ್ತಿಕೊಂಡು ನಿಂತಿವೆ.

ಆದರೆ ಅವರ ನಂಬಿಕೆಯನ್ನು ನಾವು ನಂಬಬೇಕಿಲ್ಲ. ಮಾಳದ ವಿಷಯ ನಂಬಿಕೆಯದಲ್ಲ, ಮಾತಿನದು. ಸತ್ತವರಿಗೆ ನೋವಾಗುತ್ತದೆಯೋ ಇಲ್ಲವೋ, ಕರಾರಿನ ಇನ್ನೊಂದು ಕಡೆ ಇದ್ದವರು ಬದುಕಿದ್ದವರು. ಕೊಟ್ಟ ಮಾತಿನಿಂದ ಕೊಟ್ಟವನು ತಾನಾಗಿ ಬಿಡಿಸಿಕೊಳ್ಳಲು ಬರುವುದಿಲ್ಲ, ಪಡೆದವನು ಬಿಟ್ಟುಕೊಡಬೇಕು. ಪಡೆದವನು ಕಡಲಾಚೆ ಹೋದರೆ ಅಥವಾ ತೀರಿಕೊಂಡರೆ ಮಾತು ಸಡಿಲವಾಗುವುದಿಲ್ಲ, ಬಿಟ್ಟುಕೊಡುವವರೇ ಇಲ್ಲದೆ ಇನ್ನಷ್ಟು ಬಿಗಿಯಾಗುತ್ತದೆ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಒಂದೇ ವ್ಯತ್ಯಾಸ: ಪುಣ್ಯಕೋಟಿಗಾಗಿ ಕಾಯುತ್ತ ಕೂತ ಹುಲಿಯಾದರೂ ಇತ್ತು. ಮಾಳದಲ್ಲಿ ಹುಲಿಯೇ ಇರಲಿಲ್ಲ.

ಆದಿಕಾಂಡದಲ್ಲಿ ಮುದುಕ ಯಾಕೋಬ ಈಜಿಪ್ಟಿನಲ್ಲಿ ಸಾಯುವ ಮೊದಲು ಮಗ ಯೋಸೇಫನಿಂದ ಆಣೆ ಮಾಡಿಸಿಕೊಳ್ಳುತ್ತಾನೆ: ನನ್ನನ್ನು ಇಲ್ಲಿ ಹೂಳಬೇಡ, ಹಿರಿಯರ ಬಳಿಗೆ ಒಯ್ಯಿ ಎಂದು. ಈ ಜಾಗಕ್ಕೆ ಟೀಕೆ ಬರೆದ 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಶಿ, ಸತ್ತವರಿಗೆ ತೋರುವ ದಯೆಯೇ ನಿಜವಾದ ದಯೆ, ಏಕೆಂದರೆ ಅದಕ್ಕೆ ಪ್ರತಿಫಲದ ನಿರೀಕ್ಷೆಯಿಲ್ಲ ಎನ್ನುತ್ತಾನೆ.

ಇಷ್ಟೆಲ್ಲ ಬರೆಯುವ ನನಗೂ ಒಂದು ಮೂಲೆಯಿದೆ. ನಮ್ಮ ಮನೆತನದಲ್ಲಿ ಹೂಳುವುದು ರೂಢಿ. ಅಜ್ಜನನ್ನು ಹೊಲದ ಬದುವಿನ ಹತ್ತಿರ ಹೂಳಿದ್ದರು. ಅಪ್ಪ ಆ ಹೊಲ ಮಾರಿದಾಗ, ಅಷ್ಟು ಜಾಗ ಮಾತ್ರ ಉಳಬೇಡಿ ಎಂದು ಕೊಂಡವರನ್ನು ಕೇಳಿಕೊಂಡರು. "ಅದೇನ್ ದೊಡ್ಡ ಮಾತು ಬಿಡಿ" ಎಂದರು ಅವರು. ಕಾಗದದಲ್ಲಿ ಏನೂ ಬರೆಸಲಿಲ್ಲ. ಅಪ್ಪ ಹೋದ ಮೇಲೆ ನಾನು ಒಮ್ಮೆಯೂ ಅಲ್ಲಿಗೆ ಹೋಗಿ ನೋಡಿಲ್ಲ. ಉತ್ತಿದ್ದರೆ ಏನು ಮಾಡುವುದೆಂಬ ಭಯವೋ, ಉಳದೆ ಬಿಟ್ಟಿದ್ದರೆ ಅವರ ಎದುರು ಸಣ್ಣವನಾಗುತ್ತೇನೆಂಬ ಭಯವೋ, ತಿಳಿಯದು. ಹಾಗಾಗಿ ಮಾಳದವರನ್ನು ಬೈಯುವ ಯೋಗ್ಯತೆ ನನಗೆ ಪೂರ್ತಿ ಇದೆಯೆಂದು ಹೇಳಲಾರೆ.

ಕ್ರೀಡಾಂಗಣವನ್ನು ಕಿತ್ತುಹಾಕಿ ಎಂದೂ ನಾನು ಹೇಳಲಾರೆ. ಅಲ್ಲಿ ಆಡುವ ಹುಡುಗರು ಯಾವ ಕರಾರನ್ನೂ ಮುರಿದವರಲ್ಲ. ಆದರೆ ಉಳಿದ ನೆಲಕ್ಕೆ ಇನ್ನು ಗುದ್ದಲಿ ಬೀಳಬಾರದು. 1955ರ ಆ ಕರಾರನ್ನು ಮಲಯಾಳದಲ್ಲೂ ಹೀಬ್ರೂವಿನಲ್ಲೂ ಕಲ್ಲಿನ ಮೇಲೆ ಕೆತ್ತಿಸಿ ಬಾಗಿಲ ಬಳಿ ನಿಲ್ಲಿಸಬೇಕು. ಚೆಂಡು ಹಿಡಿದು ಒಳಗೆ ಹೋಗುವ ಹುಡುಗರು ದಿನಾ ಅದರ ಪಕ್ಕದಲ್ಲೇ ಹಾದುಹೋಗಲಿ.